ಪ್ರವಾಸಕ್ಕೂ ಹದ ಬೇಕು: ಎರಡು ಕಡೆ ಮಳೆ ನೋಡಿ ರಜೆ ಗೊತ್ತು ಮಾಡಿ

ಈ ವಾರ ಬೀಜ-ಗೊಬ್ಬರದ ಮಾತಿಲ್ಲ. ಮನೆ ಮಂದೀನ ಕರ್ಕೊಂಡು ಎರಡು ದಿನ ಹೊರಗ ಹೋಗೋದು ಯಾವಾಗ ಅನ್ನೋದರ ಲೆಕ್ಕ ಹಾಕೋಣ. ನಾನು ಮುಂಡರಗಿ ತಾಲ್ಲೂಕಿನ ಡೋಣಿಯವನು. ಕಪ್ಪತಗುಡ್ಡದ ಬುಡದಲ್ಲಿ ನಮ್ಮದು ಮಳೆ ನಂಬಿದ ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ.

ಮೂರು ವರ್ಷದ ಹಿಂದೆ ಆಗಸ್ಟ್ 15ರ ರಜೆಗೆ ಜೋಗಕ್ಕೆ ಹೊರಟಿದ್ದೆವು. ಹೆಸರಿನ ಕಾಯಿ ಮುಕ್ಕಾಲು ಪಾಲು ಕಪ್ಪಾಗಿತ್ತು. "ತಮ್ಮಾ, ಕಾಯಿ ಬಿಡಿಸಿ ಹೋಗು" ಅಂದ್ರು ಅಪ್ಪ. "ಎರಡು ದಿನದಾಗ ಏನಾಗ್ತೈತಪ್ಪಾ" ಅಂದೆ. ಜೋಗದಲ್ಲಿ ದಿನವಿಡೀ ಮಂಜು. ನೀರಿನ ಸದ್ದು ಕೇಳಿತು, ಜಲಪಾತ ಕಾಣಲಿಲ್ಲ. ಇತ್ತ ಊರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ನಾಲ್ಕು ದಿನ ಬಿಟ್ಟು ಮಳೆ ನಿಂತಾಗ ಹೊಲಕ್ಕೆ ಹೋದರೆ ಕಾಯಿಯೊಳಗೇ ಕಾಳು ಮೊಳಕೆ ಒಡೆದಿತ್ತು. ಅಪ್ಪ ಒಂದು ಮಾತೂ ಅನ್ನಲಿಲ್ಲ.

ಅವತ್ತು ಕಲಿತದ್ದು ಇಷ್ಟು: ರೈತ ಪ್ರವಾಸ ಹೊರಡುವಾಗ ಹೋಗೋ ಊರಿನ ಮಳೆ ಜೊತೆಗೆ ಬಿಟ್ಟು ಹೋಗೋ ಹೊಲದ ಮಳೆಯನ್ನೂ ನೋಡಬೇಕು.

ಮಳೆ ಯಾಕೆ ಬೇರೆ ಬೇರೆ?

ನೈರುತ್ಯ ಮಾರುತ ಅರಬ್ಬಿ ಸಮುದ್ರದಿಂದ ಬಂದು ಘಟ್ಟ ಹತ್ತುವಾಗ ತಂಪಾಗಿ ಮಳೆ ಸುರಿಸುತ್ತದೆ. ನಮ್ಮ ಕಡೆ ಬರೋ ಹೊತ್ತಿಗೆ ತೇವ ಕಡಿಮೆ ಆಗಿರುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆಯಾದರೆ ಗದಗ ಜಿಲ್ಲೆಗೆ 600 ಮಿ.ಮೀ. ಆಸುಪಾಸು. ಕಾಲವೂ ಬೇರೆ. ಘಟ್ಟ, ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್ ಜೋರು. ನಮ್ಮಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಮಳೆಯೇ ಹೆಚ್ಚು.

ಯಾವಾಗ, ಎಲ್ಲಿಗೆ?

• ಜೂನ್–ಜುಲೈ: ಬಿತ್ತನೆ, ಎಡೆ, ಕಳೆ. ಘಟ್ಟದ ರಸ್ತೆಯಲ್ಲಿ ಗುಡ್ಡ ಕುಸಿಯುವ ಭಯ. ದೂರದ ಪ್ರವಾಸ ಬೇಡ.

• ಆಗಸ್ಟ್ ಕೊನೆ–ಸೆಪ್ಟೆಂಬರ್ ಮೊದಲ ವಾರ: ಹೆಸರು ಒಕ್ಕಿ ಚೀಲ ಮನೆ ಸೇರಿದ ಮೇಲೆ ಎರಡು ದಿನ ಸಿಗುತ್ತದೆ. ಜೋಗ, ಶಿರಸಿ ಕಡೆ ಹೋಗಲು ಇದೇ ಹೊತ್ತು.

• ಸೆಪ್ಟೆಂಬರ್ ಮಧ್ಯ–ಅಕ್ಟೋಬರ್: ಉತ್ತರಿ, ಹಸ್ತ ಮಳೆ ಹದ ಕೊಟ್ಟರೆ ಜೋಳ, ಕಡಲೆ ಬಿತ್ತಬೇಕು. ಮಕ್ಕಳಿಗೆ ದಸರಾ ರಜೆ ಇದ್ದರೂ ಮುಂಗಡ ರೂಮ್ ಬುಕ್ ಮಾಡಬೇಡಿ. ಹದ ನಮಗಾಗಿ ಕಾಯೋದಿಲ್ಲ.

• ನವೆಂಬರ್ ಕೊನೆ–ಡಿಸೆಂಬರ್: ಗೋಕರ್ಣ, ಮುರ್ಡೇಶ್ವರ, ಹಂಪಿ, ಬಾದಾಮಿ ಎಲ್ಲಾ ಚೆಂದ. ಆದರೆ ಕಡಲೆ ಹೂವಿಗೆ ಬಂದಿರುತ್ತದೆ. ಕಾಯಿಕೊರಕ ಇದೆಯಾ ನೋಡಿಯೇ ಹೊರಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಎರಡು ದಿನ ಮುಂದೂಡಿ.

• ಮಾರ್ಚ್–ಮೇ: ಹೊಲ ಖಾಲಿ, ಬಿಸಿಲು ಜೋರು. ಹಂಪಿ ಬಂಡೆ ಕಾದಿರುತ್ತದೆ, ಬೆಳಿಗ್ಗೆ ಬೇಗ ನೋಡಿ ಮುಗಿಸಿ. ಏಪ್ರಿಲ್, ಮೇ ಸಂಜೆ ಸಿಡಿಲಿನ ಎಚ್ಚರ ಇರಲಿ.

ಮೊಬೈಲ್‌ನಲ್ಲಿ ಏನು ನೋಡಬೇಕು?

ಮೇಘದೂತ ಆ್ಯಪ್‌ನಲ್ಲಿ ಜಿಲ್ಲಾವಾರು ಮುನ್ಸೂಚನೆ ಸಿಗುತ್ತದೆ. ಮಂಗಳವಾರ, ಶುಕ್ರವಾರ ಬೆಳೆ ಸಲಹೆಯೂ ಬರುತ್ತದೆ. ಗದಗ ಒಂದೇ ನೋಡಬೇಡಿ, ಹೋಗೋ ಜಿಲ್ಲೆಯನ್ನೂ ನೋಡಿ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಮುನ್ಸೂಚನೆಯಲ್ಲಿ "ಭಾರಿ ಮಳೆ" ಅಂದರೆ 24 ತಾಸಿನಲ್ಲಿ 64.5 ಮಿ.ಮೀ. ಅಥವಾ ಹೆಚ್ಚು. ನಮ್ಮ ಜಿಲ್ಲೆಯ ವರ್ಷದ ಮಳೆಯಲ್ಲಿ ಹತ್ತರಲ್ಲೊಂದು ಪಾಲು ಒಂದೇ ದಿನ ಬಿದ್ದಂಗೆ! ಘಟ್ಟಕ್ಕೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಹೊರಡಬೇಡಿ.

ಕಳೆದ ವರ್ಷ ಹೆಸರಿನ ಚೀಲ ಹೊಲಿದ ಮೇಲೆ, ಸೆಪ್ಟೆಂಬರ್ ಮೊದಲ ವಾರ ಮತ್ತೆ ಜೋಗಕ್ಕೆ ಹೋದೆವು. ಈ ಸಲ ಅಪ್ಪನೂ ಬಂದರು. ಮಂಜು ಸರಿದು ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು. ಅಪ್ಪ ಬಹಳ ಹೊತ್ತು ನೋಡಿ, "ಇದರಾಗ ಒಂದು ಪಾಲು ನಮ್ಮ ಕಡೆ ಬಂದಿದ್ರ ಆಗ್ತಿತ್ತಲ್ಲೋ" ಅಂದ್ರು.

ನೀವೂ ಇವತ್ತೇ ನಿಮ್ಮ ಬೆಳೆಯ ಬಿತ್ತನೆ, ಹೂವು, ಕೊಯ್ಲಿನ ವಾರಗಳನ್ನ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಖಾಲಿ ಉಳಿದ ವಾರವೇ ನಿಮ್ಮ ರಜೆ.