ಗುಡ್ಡವಿಲ್ಲದ ಜಾರುಕಂಬಿ

ಜಾರುಬಂಡೆಯಾಡದೆ ಬೆಳೆದವರು ನಮ್ಮಲ್ಲಿ ವಿರಳ. ಮೇಲಕ್ಕೆ ಹತ್ತಿ ಕುಳಿತರೆ ಸಾಕು; ಉಳಿದ ಕೆಲಸವನ್ನು ಭೂಮಿಯ ಆಕರ್ಷಣೆಯೇ ಮಾಡಿ ಮುಗಿಸುತ್ತದೆ. ಜಾರುವುದಕ್ಕೆ ಇಳಿಜಾರು ಬೇಕೆಂಬುದು ಹೀಗೆ ನಮಗೆ ಬಾಲ್ಯದಿಂದಲೇ ಬಂದ ತಿಳಿವಳಿಕೆ. ಹೀಗಿರುವಲ್ಲಿ, ಅಂಗೈಯಂತೆ ಸಮತಟ್ಟಾದ, ಹಿಮ ಮುಸುಕಿದ ಸರೋವರದ ನಡುವೆ ಉಕ್ಕಿನ ಕಂಬಿಯೊಂದನ್ನು ನೆಟ್ಟು, ನಾಲ್ಕಾರು ಸ್ನೇಹಿತರು ಒಬ್ಬರಾದ ಮೇಲೊಬ್ಬರು ಅದರ ಮೇಲೆ ಜಾರಿಹೋಗುವುದನ್ನು ಕಂಡರೆ ಆಶ್ಚರ್ಯವಾಗದಿರದು. ನಮ್ಮ ತರಗತಿಯಲ್ಲಿ ಇಂತಹದೊಂದು ಚಲಚ್ಚಿತ್ರವನ್ನು ತೋರಿಸಿದಾಗ, "ಗುಡ್ಡ ಎಲ್ಲಿದೆ, ಸಾರ್?" ಎಂದು ವಿದ್ಯಾರ್ಥಿಯೊಬ್ಬನು ಕೇಳಿಯೇಬಿಟ್ಟನು. ಉತ್ತರವು ಚಿತ್ರದ ಮೇಲಂಚಿನಲ್ಲಿತ್ತು. ಇಪ್ಪತ್ತು ಮೀಟರಿಗೂ ಉದ್ದವಾದ ದಾರಗಳ ತುದಿಯಲ್ಲಿ ದೊಡ್ಡದೊಂದು ಗಾಳಿಪಟ ನಿಂತಿತ್ತು.

ಈ ಆಟಕ್ಕೆ ಸ್ನೋಕೈಟಿಂಗ್ ಎಂದು ಹೆಸರು. ಆಟಗಾರನು ಕಾಲಿಗೆ ಸ್ಕೀಗಳನ್ನೋ ಹಿಮಹಲಗೆಯನ್ನೋ ಕಟ್ಟಿಕೊಂಡು, ಸೊಂಟದ ಪಟ್ಟಿಗೆ ಗಾಳಿಪಟವನ್ನು ಸಿಕ್ಕಿಸಿಕೊಂಡು, ಗಾಳಿಯಿಂದ ಎಳೆಯಿಸಿಕೊಳ್ಳುತ್ತಾನೆ. ನಾರ್ವೆ ದೇಶದ ಹಾರ್ಡಂಗರ್‌ವಿದ್ದ ಎಂಬ ವಿಶಾಲವಾದ ಪ್ರಸ್ಥಭೂಮಿ ಇದಕ್ಕೆ ಹೇಳಿಮಾಡಿಸಿದ ಸ್ಥಳ. ಅದರ ಅಂಚಿನಲ್ಲಿರುವ ಫಿನ್ಸೆ ಎಂಬ ರೈಲು ನಿಲ್ದಾಣವು ಸಮುದ್ರಮಟ್ಟದಿಂದ 1222 ಮೀಟರು ಎತ್ತರದಲ್ಲಿದೆ. ನಿಲ್ದಾಣದ ಮಗ್ಗುಲಲ್ಲೇ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಸರೋವರವಿದೆ. ಹಿಮದ ಮೇಲೆ ಗಾಳಿಯನ್ನು ದುಡಿಸಿಕೊಳ್ಳುವುದು ಆ ದೇಶದವರಿಗೆ ಹೊಸದಲ್ಲ. 1888ರಲ್ಲಿ ಫ್ರಿಟ್ಯೋಫ್ ನಾನ್ಸೆನ್ನನು ಐವರು ಸಂಗಡಿಗರೊಡನೆ ಗ್ರೀನ್‌ಲೆಂಡನ್ನು ದಾಟಿದಾಗ, ಜಾರುಬಂಡಿಗಳನ್ನು ಜೊತೆಗೂಡಿಸಿ ಅವುಗಳಿಗೆ ಹಾಯಿ ಕಟ್ಟಿ ದಾರಿಯನ್ನು ಸವೆಸಿದ್ದನು.

ಇಂದಿನ ಪಾಠದಲ್ಲಿ ನಾವು ಎತ್ತಿಕೊಳ್ಳುವ ಪ್ರಶ್ನೆ ಒಂದೇ: ಆ ಜಾರುಕಂಬಿಯನ್ನು ಯಾವ ದಿಕ್ಕಿಗೆ ನೆಡಬೇಕು? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಉತ್ತರ ತಪ್ಪಿದರೆ ಮುರಿಯುವುದು ಸ್ನೇಹಿತನ ಪಕ್ಕೆಲುಬು.

ಗಾಳಿಯ ಬಲ

ಚಲಿಸುವ ಗಾಳಿಯ ಒತ್ತಡವು ಅದರ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಚಳಿ ಹೆಚ್ಚಿದಂತೆ ದಟ್ಟವಾಗುತ್ತದೆ. ಫಿನ್ಸೆಯ ಎತ್ತರದಲ್ಲಿ, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ, ಒಂದು ಘನಮೀಟರು ಗಾಳಿ ಸುಮಾರು 1.16 ಕಿಲೋಗ್ರಾಂ ತೂಗುತ್ತದೆ. ನಮ್ಮ ಮಂಗಳೂರಿನ ಕಡಲತೀರದಲ್ಲಿ 30 ಡಿಗ್ರಿ ಸೆಕೆಯಲ್ಲಿ ಬೀಸುವ ಗಾಳಿಯ ಸಾಂದ್ರತೆಯೂ ಹೆಚ್ಚುಕಡಿಮೆ ಅಷ್ಟೇ. ಎತ್ತರವು ಕಳೆದುದನ್ನು ಚಳಿಯು ಅಲ್ಲಿ ತುಂಬಿಕೊಡುತ್ತದೆ.

ವೇಗದ ವರ್ಗವೆಂಬ ಮಾತನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ಸೆಕೆಂಡಿಗೆ 6 ಮೀಟರು ಬೀಸುತ್ತಿದ್ದ ಗಾಳಿ 9 ಮೀಟರಿಗೆ ಏರಿದರೆ ಬಲವು ಒಂದೂವರೆ ಪಾಲಲ್ಲ, ಎರಡೂಕಾಲು ಪಾಲಾಗುತ್ತದೆ. ಬಿಟ್ಟುಬಿಟ್ಟು ರಭಸವಾಗಿ ಬೀಸುವ ಗಾಳಿಯಲ್ಲಿ ಕಂಬಿಯ ಗೊಡವೆಗೆ ಹೋಗಬಾರದೆಂಬ ನಿಯಮಕ್ಕೆ ಇದೇ ಕಾರಣ.

ಎಷ್ಟು ವೇಗ ಬೇಕು?

ಎರಡು ಉಕ್ಕಿನ ಕೊಳವೆಗಳನ್ನು ಅಡ್ಡಪಟ್ಟಿಗಳಿಂದ ಬೆಸೆದು ಮಾಡಿದ, 6 ಮೀಟರು ಉದ್ದ, 30 ಸೆಂಟಿಮೀಟರು ಅಗಲ, 40 ಸೆಂಟಿಮೀಟರು ಎತ್ತರವಾದ ಕಂಬಿಯೊಂದನ್ನು ಊಹಿಸಿಕೊಳ್ಳೋಣ. ಅದನ್ನು ಏರಲು ಮುಂದುಗಡೆ ಹಿಮದ ದಿಬ್ಬವಿರಲಿ. ಹಿಮದ ಮೇಲೆ ಸ್ಕೀ ಸಲೀಸಾಗಿ ಜಾರುವುದಕ್ಕೆ, ಘರ್ಷಣೆಯ ಶಾಖದಿಂದ ಹುಟ್ಟುವ ತೆಳುವಾದ ನೀರಿನ ಪೊರೆಯು ಮುಖ್ಯ ಕಾರಣವೆಂದು 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಉಕ್ಕಿನ ಕಂಬಿಯ ಮೇಲೆ ಆ ಪೊರೆಯಿಲ್ಲ. ಆದುದರಿಂದ ಘರ್ಷಣೆ ಹೆಚ್ಚು. ಅದರ ಗುಣಾಂಕವನ್ನು ನಮ್ಮ ಲೆಕ್ಕಕ್ಕೆ 0.15 ಎಂದಿಟ್ಟುಕೊಳ್ಳಬಹುದು.

ಶಕ್ತಿಯ ಲೆಕ್ಕ ಸುಲಭ. ಪ್ರತಿ ಕಿಲೋಗ್ರಾಮಿಗೆ, 40 ಸೆಂಟಿಮೀಟರು ಏರಲು 9.8 × 0.4, ಎಂದರೆ 3.9 ಜೌಲುಗಳು, 6 ಮೀಟರು ಉದ್ದಕ್ಕೆ ಘರ್ಷಣೆಯನ್ನು ಎದುರಿಸಲು 0.15 × 9.8 × 6, ಎಂದರೆ 8.8 ಜೌಲುಗಳು, ಒಟ್ಟು 12.7. ಇದನ್ನು ಚಲನಶಕ್ತಿಗೆ ಸಮೀಕರಿಸಿದರೆ ಸೆಕೆಂಡಿಗೆ ಸುಮಾರು 5 ಮೀಟರು ವೇಗ ಬರುತ್ತದೆ. ಗಾಳಿಪಟವು ಆಟಗಾರನ ತೂಕದ ಕಾಲುಭಾಗವನ್ನು ಮೇಲಕ್ಕೆತ್ತಿ ಹಿಡಿದಿದ್ದರೆ ಏರುವ ಶ್ರಮವೂ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಇಳಿದು, 4.4 ಮೀಟರು ವೇಗವೇ ಸಾಕಾಗುತ್ತದೆ. ಈ ವೇಗವನ್ನು ಹಿಮದ ಮೇಲಿರುವಾಗಲೇ ಗಳಿಸಿಕೊಂಡಿರಬೇಕು. ಹಿಮದ ಮೇಲೆ ಸಂಪಾದನೆ, ಕಂಬಿಯ ಮೇಲೆ ಬರಿಯ ಖರ್ಚು.

ಪಕ್ಕಕ್ಕೆ ಜಾರುವ ರಹಸ್ಯ

ಹಿಮದ ಮೇಲೆ ಗಾಳಿಪಟವು ಆಟಗಾರನನ್ನು ಪಕ್ಕಕ್ಕೆ ಎಳೆದರೆ ಅವನು ಸ್ಕೀಯನ್ನು ಓರೆಮಾಡುತ್ತಾನೆ. ಅದರ ಉಕ್ಕಿನ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಕಂಬಿಯನ್ನು ಕಚ್ಚುವಂತಿಲ್ಲ. ಘರ್ಷಣೆಯಾದರೂ ತಡೆಯಲಾರದೆ ಎಂದು ಕೇಳಬಹುದು. ಇಲ್ಲಿಯೇ ಇರುವುದು ಸ್ವಾರಸ್ಯ. ನಿಂತಿರುವ ವಸ್ತುವನ್ನು ಘರ್ಷಣೆಯು ಎಲ್ಲ ದಿಕ್ಕುಗಳಿಂದಲೂ ಹಿಡಿದಿಡಬಲ್ಲದು. ಒಂದು ದಿಕ್ಕಿನಲ್ಲಿ ಜಾರುತ್ತಿರುವ ವಸ್ತುವಿನ ಮೇಲಾದರೋ ಅದು ಚಲನೆಗೆ ನೇರ ವಿರುದ್ಧವಾಗಿ ಮಾತ್ರ ವರ್ತಿಸುತ್ತದೆ. ಪಕ್ಕದ ದಿಕ್ಕಿಗೆ ಅದರಲ್ಲಿ ಪಾಲು ಉಳಿಯುವುದು ಅತ್ಯಲ್ಪ. ಬಿಗಿಯಾದ ಬಿರಡೆಯನ್ನು ನೆಟ್ಟಗೆ ಎಳೆದರೆ ಬಾರದು, ತಿರುಚುತ್ತ ಎಳೆದರೆ ಬರುತ್ತದೆ, ಕಾರಣ ಇದೇ.

ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಲಗೆಯೊಂದನ್ನು ಸ್ವಲ್ಪ ಓರೆಯಾಗಿಟ್ಟು ಅದರ ಮೇಲೆ ಒಂದು ನಾಣ್ಯವನ್ನಿಡಿರಿ. ನಾಣ್ಯ ಜಾರದೆ ನಿಂತಿರಲಿ. ಈಗ ಅದನ್ನು ಹಲಗೆಯ ಅಡ್ಡಕ್ಕೆ ಬೆರಳಿನಿಂದ ಚಿಮ್ಮಿರಿ. ಅದು ಅಡ್ಡಕ್ಕೆ ಹೋಗುತ್ತ ಹೋಗುತ್ತ ಕೆಳಮುಖವಾಗಿಯೂ ಬಾಗುತ್ತದೆ. ನಿಂತಾಗ ಇಳಿಯದ ನಾಣ್ಯ ಚಲಿಸುವಾಗ ಇಳಿಯಿತು! ಕಂಬಿಯ ಮೇಲಿನ ಆಟಗಾರನ ಪಾಡೂ ಇದೇ.

ಗಾಳಿಪಟವನ್ನು ತಲೆಯ ನೇರಕ್ಕೆ ನಿಲ್ಲಿಸಿಕೊಂಡರೆ ಪಕ್ಕದ ಸೆಳೆತವೇ ಇರದೆಂದು ತೋರಬಹುದು. ಅದು ತಪ್ಪು. ಎಂತಹ ಪಟವನ್ನಾದರೂ ಗಾಳಿಯು ಎತ್ತುವುದರ ಜೊತೆಗೆ ಹಿಂದಕ್ಕೂ ನೂಕುತ್ತದೆ. ನೂಕುಬಲವು ಎತ್ತುಬಲದ ಐದನೆಯ ಒಂದು ಪಾಲೆಂದು ಹಿಡಿದರೆ, ಪಟವು ನೆತ್ತಿಯಿಂದ ಸುಮಾರು 11 ಡಿಗ್ರಿ ಗಾಳಿ ಹೋಗುವ ಕಡೆಗೆ ವಾಲಿಕೊಂಡೇ ನಿಲ್ಲುತ್ತದೆ.

ಮೂರು ದಿಕ್ಕುಗಳ ಹೋಲಿಕೆ

ಗಾಳಿಯ ವೇಗ ಸೆಕೆಂಡಿಗೆ 6 ಮೀಟರು, ಕಂಬಿಯ ಮೇಲೆ ಆಟಗಾರನ ವೇಗ 7 ಮೀಟರು, ಉಡುಪು ಸಲಕರಣೆ ಸಹಿತ ಅವನ ದ್ರವ್ಯರಾಶಿ 75 ಕಿಲೋಗ್ರಾಂ, ಪಟದ ವಿಸ್ತೀರ್ಣ 8 ಚದರ ಮೀಟರು, ಎತ್ತುಬಲದ ಗುಣಾಂಕ 0.7 ಎಂದಿರಲಿ. ಕಂಬಿಯನ್ನು ದಾಟಲು ಸುಮಾರು 0.9 ಸೆಕೆಂಡು ಹಿಡಿಯುತ್ತದೆ. ಗಾಳಿಪಟಕ್ಕೆ ತಟ್ಟುವುದು ನೆಲದ ಮೇಲೆ ನಿಂತವನಿಗೆ ತಟ್ಟುವ ಗಾಳಿಯಲ್ಲ, ಆಟಗಾರನ ಚಲನೆಯೂ ಸೇರಿದ ಸಾಪೇಕ್ಷ ಗಾಳಿ ಎಂಬುದನ್ನು ಮರೆಯಬಾರದು.

ಮೊದಲನೆಯದಾಗಿ, ಕಂಬಿಯು ಗಾಳಿಗೆ ಸರಿಯಾಗಿ ಅಡ್ಡಲಾಗಿರಲಿ. ಎದುರಿನಿಂದ 7, ಪಕ್ಕದಿಂದ 6. ಸಾಪೇಕ್ಷ ಗಾಳಿ 9.2 ಮೀಟರು. ಎತ್ತುಬಲ ಸುಮಾರು 275 ನ್ಯೂಟನ್, ನೂಕುಬಲ 55, ಅದರಲ್ಲಿ ಪಕ್ಕಕ್ಕೆ ಬರುವ ಪಾಲು ಸುಮಾರು 35 ನ್ಯೂಟನ್. ಇಷ್ಟರಿಂದ ಆಟಗಾರನು 0.9 ಸೆಕೆಂಡಿನಲ್ಲಿ 19 ಸೆಂಟಿಮೀಟರು ಪಕ್ಕಕ್ಕೆ ಸರಿಯುತ್ತಾನೆ. ಕಂಬಿಯ ನಡುವಿನಿಂದ ಅಂಚಿಗಿರುವುದು 15 ಸೆಂಟಿಮೀಟರು ಮಾತ್ರ. ತುದಿ ತಲುಪುವ ಮುನ್ನವೇ ಅವನು ಉರುಳುತ್ತಾನೆ.

ಎರಡನೆಯದಾಗಿ, ಕಂಬಿಯನ್ನು ಗಾಳಿ ಹೋಗುವ ಕಡೆಗೆ 30 ಡಿಗ್ರಿ ತಿರುಗಿಸೋಣ. ಈಗ ಗಾಳಿಯ 3 ಮೀಟರು ವೇಗ ಹಿಂದಿನಿಂದ ಬರುವುದರಿಂದ ಎದುರಿಗೆ ಉಳಿಯುವುದು 4; ಪಕ್ಕದಿಂದ 5.2, ಸಾಪೇಕ್ಷ ಗಾಳಿ 6.6 ಮೀಟರು. ಎತ್ತುಬಲ 140, ನೂಕುಬಲ 28, ಪಕ್ಕದ ಪಾಲು 22 ನ್ಯೂಟನ್. ಸರಿಯುವ ದೂರ ಸುಮಾರು 12 ಸೆಂಟಿಮೀಟರು. ಆಟಗಾರನು ಕಂಬಿಯ ಮೇಲೆಯೇ ಉಳಿದು ತುದಿ ಮುಟ್ಟುತ್ತಾನೆ.

ಹಾಗಾದರೆ ಪೂರ್ತಿಯಾಗಿಯೇ ಗಾಳಿಯ ದಿಕ್ಕಿಗೆ ತಿರುಗಿಸಿಬಿಡಬಹುದಲ್ಲವೆ? ಆಗ ಪಕ್ಕದ ಸೆಳೆತ ಇಲ್ಲವಾಗುವುದು ನಿಜ. ಆದರೆ 6 ಮೀಟರಿನ ಗಾಳಿಯೊಡನೆ 7 ಮೀಟರು ವೇಗದಲ್ಲಿ ಓಡುವವನಿಗೆ ಉಳಿಯುವ ಸಾಪೇಕ್ಷ ಗಾಳಿ ಒಂದೇ ಮೀಟರು. ಎತ್ತುಬಲ ಸುಮಾರು 3 ನ್ಯೂಟನ್. ಅದು ಪಟದ ಸ್ವಂತ ಭಾರಕ್ಕೂ ಸಾಲದು. ಪಟ ಕುಸಿದು, ಸಡಿಲವಾದ ದಾರಗಳು ಆಟಗಾರನನ್ನೂ ಕಂಬಿಯನ್ನೂ ಸುತ್ತಿಕೊಳ್ಳುತ್ತವೆ. ಆದುದರಿಂದ ಮಧ್ಯಮಮಾರ್ಗವೇ ಲೇಸು: ಅಡ್ಡದಿಕ್ಕಿನಿಂದ ಸ್ವಲ್ಪವೇ ಗಾಳಿಯ ಕಡೆಗೆ ತಿರುಗಿದ ಕಂಬಿ. ಮೇಲಾಗಿ, ಗಾಳಿ ಬರುವ ಬದಿಯ ಅಂಚಿಗೆ ಹತ್ತಿರವಾಗಿ ಕಂಬಿಯನ್ನೇರಿದರೆ ಸರಿಯುವುದಕ್ಕೆ ಇನ್ನೂ ನಾಲ್ಕಾರು ಸೆಂಟಿಮೀಟರು ಸ್ಥಳ ದೊರೆಯುತ್ತದೆ.

ನೆಡುವ ಕ್ರಮ

ಸ್ಥಳಕ್ಕೆ ಬಂದ ಕೂಡಲೇ ಕಂಬಿಯನ್ನು ಇಳಿಸತಕ್ಕದ್ದಲ್ಲ. ಮೊದಲು ಮಂಜುಗಡ್ಡೆಯನ್ನು ಕೊರೆದು ನೋಡಬೇಕು. ಒಬ್ಬನ ಭಾರಕ್ಕೇ ಕನಿಷ್ಠಪಕ್ಷ 10 ಸೆಂಟಿಮೀಟರು ದಪ್ಪದ ಗಟ್ಟಿ ಮಂಜುಗಡ್ಡೆ ಬೇಕು. ಗುಂಪಿಗೆ ಅದಕ್ಕಿಂತ ಹೆಚ್ಚು. ಹಿಮವು ಕಂಬಳಿಯಂತೆ ಶಾಖವನ್ನು ತಡೆಯುವುದರಿಂದ, ದಪ್ಪ ಹಿಮದ ಅಡಿಯಲ್ಲಿ ಗಡ್ಡೆಯು ತೆಳ್ಳಗಿರುವ ಸಂಭವವುಂಟು. ಬಳಿಕ ಬಟ್ಟೆಯ ಪಟ್ಟಿಯೊಂದನ್ನು ಕೋಲಿಗೆ ಕಟ್ಟಿ ಗಾಳಿಯ ದಿಕ್ಕು ಸ್ಥಿರವಾಗಿದೆಯೇ ಎಂದು ಸ್ವಲ್ಪ ಹೊತ್ತು ಗಮನಿಸಬೇಕು. ಕಂಬಿಯಿಂದ ಗಾಳಿ ಹೋಗುವ ಕಡೆಗೆ ದಾರದ ಉದ್ದದ ಎರಡು ಮೂರು ಪಾಲು ದೂರ ಯಾವ ಬಂಡೆ, ಬೇಲಿ, ಮನುಷ್ಯರೂ ಇರಕೂಡದು.

ಕಂಬಿಯ ಕಾಲುಗಳನ್ನು ಹಿಮದಲ್ಲಿ ಹೂತು ಚೆನ್ನಾಗಿ ತುಳಿಯಬೇಕು. ತುಳಿದ ಹಿಮದ ಕಣಗಳು ಕೆಲವು ಗಂಟೆಗಳಲ್ಲಿ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಅಷ್ಟರವರೆಗೆ ತಾಳ್ಮೆ ಅಗತ್ಯ. ದಾರ ಸಿಕ್ಕಿಕೊಳ್ಳಬಹುದಾದ ಚೂಪು ಮೂಲೆಗಳನ್ನೆಲ್ಲ ಅರದಿಂದ ಉಜ್ಜಿ ನುಣುಪುಮಾಡಿ, ಕಾಲುಗಳನ್ನು ಹಿಮದಿಂದ ಮುಚ್ಚಬೇಕು. ಏರುದಿಬ್ಬದ ಕೊನೆಯು ಕಂಬಿಯ ಮಟ್ಟಕ್ಕೆ ಸಮವಾಗಿ ಮಟ್ಟಸವಾಗಿರಲಿ. ಮೇಲ್ಮುಖವಾಗಿದ್ದರೆ ಅದು ಆಟಗಾರನನ್ನು ಕಂಬಿಯ ಮೇಲಲ್ಲ, ಗಾಳಿಗೆ ಎಸೆಯುತ್ತದೆ.

ಆಟಗಾರನು ದೂರದಿಂದ ವೇಗ ಗಳಿಸಿ, ದಿಬ್ಬಕ್ಕೆ ಮುನ್ನ ಪಟವನ್ನು ನೆತ್ತಿಗೆ ತಂದು, ಕಂಬಿಯ ಮೇಲಿರುವಷ್ಟು ಹೊತ್ತು ಅದನ್ನು ಅಲುಗಿಸದೆ ಇರಬೇಕು. ಒಂದು ವೇಳೆಗೆ ಒಬ್ಬನೇ ಹೋಗತಕ್ಕದ್ದು. ಒಬ್ಬ ಸ್ನೇಹಿತನು ಗಾಳಿ ಬರುವ ಕಡೆ ನಿಂತು, ಗಾಳಿ ದಿಕ್ಕು ಬದಲಿಸಿದ ಕ್ಷಣವೇ ಕೂಗಿ ಆಟವನ್ನು ನಿಲ್ಲಿಸಬೇಕು. ಅಪಾಯ ಬಂದಾಗ ಪಟವನ್ನು ಕಳಚುವ ಕೊಂಡಿಯನ್ನು ಪ್ರತಿಯೊಬ್ಬನೂ ಕಣ್ಣುಮುಚ್ಚಿಕೊಂಡು ಎಳೆಯಬಲ್ಲವನಾಗಿರಬೇಕು.

ನಮ್ಮ ವಾಚಕರಲ್ಲಿ ಹೆಚ್ಚಿನವರು ಹಿಮದ ಸರೋವರವನ್ನು ಕಾಣದೆಯೇ ಇರಬಹುದು. ಆದರೂ ಓರೆಹಲಗೆಯ ನಾಣ್ಯ ಎಲ್ಲರ ಮನೆಯಲ್ಲೂ ಇದೆ. ಮಳೆಗಾಲದಲ್ಲಿ ಚಕ್ರ ಸಿಕ್ಕಿಬಿದ್ದು ಜಾರುವ ಸೈಕಲ್ಲು ಪಕ್ಕಕ್ಕೆ ಉರುಳುವುದೂ ಅದೇ ನಿಯಮದಿಂದ. ಕೊನೆಯದಾಗಿ ಒಂದು ಅಭ್ಯಾಸ: ಮೇಲಿನ ಎರಡನೆಯ ಉದಾಹರಣೆಯಲ್ಲಿ ಗಾಳಿಯ ವೇಗವನ್ನು 9 ಮೀಟರೆಂದು ಇಟ್ಟುಕೊಂಡು, 30 ಡಿಗ್ರಿ ತಿರುವು ಆಗಲೂ ಸಾಕಾಗುವುದೇ ಎಂದು ಲೆಕ್ಕಮಾಡಿ ನೋಡಿರಿ. ಬರುವ ಉತ್ತರವೇ, ಅಂತಹ ದಿನ ಕಂಬಿಯನ್ನು ಗಾಡಿಯಿಂದ ಇಳಿಸಬೇಕೆ ಬೇಡವೆ ಎಂಬುದನ್ನು ತಿಳಿಸುತ್ತದೆ.