ಬೇಡದ ವಿಂಡೋಸ್ 11: ತಡೆಯೋದು ಹೇಗೆ, ವಾಪಸ್ ಬರೋದು ಹೇಗೆ?

ನಜರ್‌ಬಾದ್‌ನ ಪೀಜಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಓದೋರಿಗೆ ವಿಂಡೋಸ್ 11 ಅಪ್‌ಗ್ರೇಡ್ ಅಂದ್ರೆ ಹಲವು ಜಿಬಿ ಡೇಟಾ ಖಾಲಿ. ಮಾರನೇ ದಿನ ಲ್ಯಾಬ್ ಇಂಟರ್ನಲ್ಸ್ ಇದ್ರಂತೂ ಕೇಳೋದೇ ಬೇಡ. ಹಾಗಂತ ಎಲ್ಲಾ ಅಪ್‌ಡೇಟ್ ಆಫ್ ಮಾಡಬೇಡಿ. ಅಪ್‌ಡೇಟ್ ಅಂದ್ರೆ ಇರೋ ಮನೆಯ ಬೀಗ ರಿಪೇರಿ. ಅಪ್‌ಗ್ರೇಡ್ ಅಂದ್ರೆ ಮನೆಯನ್ನೇ ಬದಲಾಯಿಸೋದು. ಮೊದಲನೆಯದು ಬೇಕೇ ಬೇಕು. ಎರಡನೆಯದು ಯಾವಾಗ ಅನ್ನೋದನ್ನ ನಾವು ನಿರ್ಧರಿಸಬಹುದು.

1. ಮೀಟರ್ಡ್ ಕನೆಕ್ಷನ್: ಹಾಟ್‌ಸ್ಪಾಟ್‌ನ ವೈಫೈ ಪ್ರಾಪರ್ಟೀಸ್‌ನಲ್ಲಿ ಇದನ್ನು ಆನ್ ಮಾಡಿ. ದೊಡ್ಡ ಡೌನ್‌ಲೋಡ್‌ಗಳು ತಾವಾಗಿಯೇ ಶುರುವಾಗೋದು ಬಹುಪಾಲು ನಿಲ್ಲುತ್ತದೆ.

2. ಪಾಸ್ ಅಪ್‌ಡೇಟ್ಸ್: ವಿಂಡೋಸ್ 10ರಲ್ಲಿ 35 ದಿನಗಳವರೆಗೆ ಮುಂದೂಡಬಹುದು. ಸೆಕ್ಯುರಿಟಿ ಅಪ್‌ಡೇಟ್ ಕೂಡ ನಿಲ್ಲುವುದರಿಂದ ಪರೀಕ್ಷೆ ಸಮಯಕ್ಕೆ ಮಾತ್ರ ಬಳಸಿ.

3. ವರ್ಷನ್ ಲಾಕ್: ಪ್ರೊ ಎಡಿಷನ್ ಇದ್ದರೆ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ ಟಾರ್ಗೆಟ್ ವರ್ಷನ್ ಆಗಿ 'ವಿಂಡೋಸ್ 10', '22ಎಚ್2' ಕೊಡಿ. ಬೀಗ ರಿಪೇರಿ ನಡೆಯುತ್ತೆ, ಮನೆ ಬದಲಾಗಲ್ಲ.

4. ಆಗಲೇ ಅಪ್‌ಗ್ರೇಡ್ ಆಗಿದ್ರೆ: 10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, 'ಗೋ ಬ್ಯಾಕ್'. ಅಲ್ಲಿಯವರೆಗೆ 'ವಿಂಡೋಸ್.ಓಲ್ಡ್' ಫೋಲ್ಡರ್ ಡಿಲೀಟ್ ಮಾಡಬೇಡಿ. ಹಳೇ ಸಿಸ್ಟಮ್ ಇರೋದು ಅದರಲ್ಲೇ. ಅಪ್‌ಗ್ರೇಡ್ ಆದಮೇಲೆ ಹಾಕಿದ ಸಾಫ್ಟ್‌ವೇರ್ ಹೋಗುತ್ತೆ. ಫೈಲ್‌ಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಆದರೆ ಇದೆಲ್ಲ ಶಾಶ್ವತ ಪರಿಹಾರ ಅಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಇಎಸ್‌ಯು ಯೋಜನೆಗೆ ಸೇರಿದವರಿಗೆ ಮಾತ್ರ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಯುತ್ತೆ. ಟಿಪಿಎಂ 2.0 ಇರೋ ಲ್ಯಾಪ್‌ಟಾಪ್ ಆದ್ರೆ ಸೆಮಿಸ್ಟರ್ ರಜೆಯಲ್ಲಿ ನೀವೇ ಅಪ್‌ಗ್ರೇಡ್ ಮಾಡಿ. ಇಲ್ಲದಿದ್ರೆ ಲಿನಕ್ಸ್ ನೋಡಿ.