ಅರಿವಿ ತಂತಿಯ ಮೇಲಿರಲಿ

ಹೋದ ವಾರ ಬೀದರಿನ ಹಾಸ್ಟೆಲ್ಲಿನಿಂದ ಫೋನ್ ಮಾಡಿ, ‘ಆಯೀ, ನಾ ಇನ್ಮ್ಯಾಲೆ ಒಗದು ಹಾಕ್ಕೊಳ್ಳೋ ಬಟ್ಟಿ ಪ್ಯಾಡ್ ತಗೋತೀನಿ, ಅವ್ವ ಬ್ಯಾಡ ಅಂತಾಳ’ ಅಂದೆಯಲ್ಲ, ನನಗೆ ನಗು ಬಂತು. ನಿನ್ನವ್ವನಿಗೆ ಅಂಗಡಿಯ ಪ್ಯಾಕೆಟ್ ತಂದುಕೊಟ್ಟು ಅರಿವಿ ಬಿಡಿಸಿದವಳು ನಾನೇ. ಅವಳು ಬೇಡ ಅನ್ನುವುದಕ್ಕೂ ಕಾರಣ ಇದೆ, ಮೊದಲು ಅದನ್ನು ಕೇಳು.

ಔರಾದ್ ತಾಲ್ಲೂಕಿನ ನನ್ನ ತವರಿನಲ್ಲಿ ನಾನು ದೊಡ್ಡಾಕಿಯಾದಾಗ ಅವ್ವ ಹಳೇ ಸೀರೆ ಹರಿದು ನಾಲ್ಕು ತುಂಡು ಕೊಟ್ಟಳು. ಮೆತ್ತಗಿದ್ದವು, ಚೆನ್ನಾಗಿ ಹೀರುತ್ತಿದ್ದವು. ತೊಡಕು ಶುರುವಾದದ್ದು ಒಗೆದ ಮೇಲೆ. ಅಂಗಳದ ತಂತಿಯಲ್ಲಿ ಅಪ್ಪನ ಧೋತರಕ್ಕೆ, ಕೌದಿಗೆ, ಕೂಸಿನ ಲಂಗೋಟಿಗೆ ಜಾಗ ಇತ್ತು. ನನ್ನ ಅರಿವಿ ಮಾತ್ರ ದನದ ಕೊಟ್ಟಿಗೆಯ ಹಿಂದೆ, ತೊಗರಿ ಕಟ್ಟಿಗೆಯ ಸಂದಿಯಲ್ಲಿ, ಅದೂ ಇನ್ನೊಂದು ಬಟ್ಟೆಯ ಅಡಿ. ಮಾಳಿಗೆ ಮೇಲೆ ಹಾಕಿದ ಹಪ್ಪಳ ಸಂಜೆಯೊಳಗೆ ಗರಿಗರಿಯಾಗುವ ಊರಿನಲ್ಲಿ ಅದು ಮೂರು ದಿನವಾದರೂ ಹಸಿ. ಹಸಿಯದನ್ನೇ ಕಟ್ಟಿಕೊಂಡು ತುರಿಕೆ, ಉರಿ, ಆಮೇಲೆ ಬಿಳಿಸೆರಗು. ನಾಚಿಕೆಯಿಂದ ಯಾರಿಗೂ ಹೇಳದೆ ವರ್ಷಗಟ್ಟಲೆ ತಳ್ಳಿದೆ. ಭಾಲ್ಕಿಗೆ ಸೊಸೆಯಾಗಿ ಬಂದ ಮೇಲೆ ಕೊಟ್ಟಿಗೆ ಹೋಗಿ ಬಚ್ಚಲ ಮೂಲೆ ಬಂತು, ಅಷ್ಟೇ. ನಿನ್ನವ್ವ ಕಂಡದ್ದು ಆ ಅರಿವಿಯನ್ನು.

ಶರಣರ ನೆಲದಲ್ಲಿ ಹೀಗಾಯಿತಲ್ಲ ಅಂತ ನನಗೆ ಇವತ್ತಿಗೂ ಸಿಟ್ಟು. ನಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಶರಣರು ಪಂಚಸೂತಕ, ಅಂದರೆ ಐದು ಬಗೆಯ ಮೈಲಿಗೆ, ಸುಳ್ಳು ಅಂದರು. ಆ ಐದರಲ್ಲಿ ಮುಟ್ಟಿನದೂ ಒಂದು. ನಮ್ಮ ಮಾವನವರು ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದರು. ಒಳಗೆ ನನ್ನ ಅರಿವಿ ಬಿಸಿಲು ಕಾಣುತ್ತಿರಲಿಲ್ಲ.

ನೀನು ತಗೊಳ್ಳುವುದು ಹರಿದ ಸೀರೆಯ ತುಂಡಲ್ಲ, ಸರಿ. ಮೇಲೂ ಕೆಳಗೂ ಹತ್ತಿಯ ಫ್ಲಾನೆಲ್, ನಡುವೆ ನಾಲ್ಕೈದು ಪದರ, ಕೆಲವಕ್ಕೆ ತಳದಲ್ಲಿ ಸೋರದ ಹಾಳೆ, ಚಡ್ಡಿಗೆ ಸುತ್ತಿ ಹಾಕಲು ಎರಡು ರೆಕ್ಕೆ, ಟಿಚ್ ಬಟನ್. ಆದರೆ ಎಷ್ಟು ಚೆಂದ ಹೊಲಿದಿದ್ದರೂ ಅದೂ ಅರಿವಿಯೇ. ಹಸಿ ಇಟ್ಟರೆ ನನ್ನ ಪಾಡೇ ನಿನಗೂ. ಇನ್ನು ಲೆಕ್ಕ ನೋಡು: ಅಂಗಡಿಯದು ತಿಂಗಳಿಗೆ 15 ಪ್ಯಾಡ್, ಒಂದಕ್ಕೆ 6 ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ 1,080 ರೂಪಾಯಿ ಆಯಿತು. 200 ರೂಪಾಯಿಯ ಬಟ್ಟೆ ಪ್ಯಾಡ್ ಆರು ಕೊಂಡರೆ 1,200. ಜೋಪಾನ ಮಾಡಿದರೆ ಮೂರು ವರ್ಷಕ್ಕೆ ಚಿಂತೆಯಿಲ್ಲ. ದುಡ್ಡಿಗಿಂತ ನನಗೆ ಕಾಣುವುದು ನಿಮ್ಮ ಔರಾದಿನ ಮನೆಯಲ್ಲಿ ಬಳಸಿದ ಪ್ಯಾಡ್ ಎಸೆಯುವ ತೊಂದರೆ. ಅಂಗಡಿಯ ಪ್ಯಾಡಿನ ಮೇಲುಹಾಳೆ, ತಳ, ಒಳಗಿನ ಹೀರುವ ಪುಡಿ ಎಲ್ಲ ಹೆಚ್ಚಾಗಿ ಪ್ಲಾಸ್ಟಿಕ್ ಜಾತಿಯವೇ. ಪಾಯಿಖಾನೆಗೆ ಹಾಕಿದರೆ ಗುಂಡಿ ಕಟ್ಟುತ್ತದೆ, ತಿಪ್ಪೆಗೆ ಹಾಕಿದರೆ ನಾಯಿ ಎಳೆಯುತ್ತದೆ, ಸುಟ್ಟರೆ ಹೊಗೆ ಕೆಟ್ಟದ್ದು.

ಒಗೆಯುವುದನ್ನು ನನ್ನಿಂದ ಕಲಿ. ತೆಗೆದ ಕೂಡಲೇ ತಣ್ಣೀರಿನಲ್ಲಿ ಅರ್ಧ ತಾಸು ನೆನೆಹಾಕು. ಬಿಸಿನೀರು ಮುಟ್ಟಿಸಬೇಡ, ರಕ್ತದ ಕಲೆ ಕಚ್ಚಿಕೊಂಡುಬಿಡುತ್ತದೆ. ರಾತ್ರಿಯಿಡೀ ನೆನೆಸುವ ಸೋಮಾರಿತನವೂ ಬೇಡ, ನಾತ ಬರುತ್ತದೆ. ಆ ನೀರನ್ನು ನಾನಾದರೆ ಕರಿಬೇವಿನ ಬುಡಕ್ಕೆ ಹಾಕುತ್ತೇನೆ, ನೀನು ಮುಖ ಸಿಂಡರಿಸಿದರೂ ಸರಿ. ಆಮೇಲೆ ಸಾದಾ ಸಾಬೂನು ಹಚ್ಚಿ ತಿಕ್ಕು, ನೊರೆ ಪೂರಾ ಹೋಗುವ ತನಕ ಜಾಲಿಸು. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಪರಿಮಳದ ದ್ರಾವಣ ಬೇಡ, ಹೀರುವ ಗುಣ ಕಡಿಮೆಯಾಗುತ್ತದೆ. ಹಿಂಡಿ, ಕೊಡವಿ, ಬಿಸಿಲಿಗೆ ಹಾಕು. ಬಿಸಿಲಿಗೆ ಅಂದರೆ ಬಿಸಿಲಿಗೇ; ಮೇಲೆ ಓಢಣಿ ಮುಚ್ಚಬೇಡ. ನಡುವಿನ ಪದರ ಒಣಗಿತೋ ಇಲ್ಲವೋ ಹಿಚುಕಿ ನೋಡಿ ಆಮೇಲೆ ಮಡಚಿಡು. ಹಾಕಿಕೊಂಡಾಗ ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸು. ಇನ್ನೊಬ್ಬರದ್ದು ಹಾಕಿಕೊಳ್ಳಬೇಡ, ನಿನ್ನದು ಕೊಡಲೂ ಬೇಡ.

ಒಮ್ಮೆಗೇ ಎಲ್ಲ ಬಿಟ್ಟು ಬಟ್ಟೆಗೆ ಜಿಗಿಯಬೇಡ. ಮೊದಲ ಎರಡು ತಿಂಗಳು ರಜೆಯಲ್ಲಿ ಮನೆಯಲ್ಲಿದ್ದಾಗ ಹಾಕಿ ನೋಡು. ಹಾಸ್ಟೆಲ್ಲಿನಲ್ಲಿ ತಂತಿ ಇಲ್ಲದಿದ್ದರೆ, ಮಳೆಗಾಲದಲ್ಲಿ ನಾಲ್ಕು ದಿನ ಸೂರ್ಯ ಕಾಣದಿದ್ದರೆ, ಔರಾದಿನಲ್ಲಿ ಬ್ಯಾಸಗಿಗೆ ಟ್ಯಾಂಕರ್ ದಾರಿ ಕಾಯುವಾಗ, ಪ್ಯಾಕೆಟ್ಟೇ ಇರಲಿ. ಅದರಲ್ಲಿ ಸೋತಂತೇನೂ ಇಲ್ಲ. ಸರಕಾರದವರು 2013-14ರಲ್ಲಿ ‘ಶುಚಿ’ ಯೋಜನೆ ಅಂತ ಹುಡುಗಿಯರಿಗೆ ಪುಕ್ಕಟೆ ಪ್ಯಾಡ್ ಕೊಡಲು ಶುರು ಮಾಡಿದರು. ನಿನ್ನ ತಂಗಿಗೆ ಶಾಲೆಯಲ್ಲಿ ಕೊಟ್ಟರೆ ‘ಅಕ್ಕ ಬ್ಯಾಡ ಅಂದಾಳ’ ಅಂತ ಅವಳು ತಿರುಗಿಸದಿರಲಿ. ಅವಳಿಗೆ ನಿನ್ನ ವಾದ ಈಗಲೇ ಬೇಡ. ನಾತ, ತುರಿಕೆ, ಬಿಳಿಸೆರಗು ಕಂಡರೆ, ತಾಸಿಗೊಂದು ಪ್ಯಾಡ್ ತೊಯ್ಯುವಷ್ಟು ಹೋಗುತ್ತಿದ್ದರೆ, ನನ್ನ ಹಾಗೆ ಮುಚ್ಚಿಡದೆ ಡಾಕ್ಟರ ಹತ್ತಿರ ಹೋಗು. ಬಟ್ಟೆ ಬದಲಿಸಿದರೆ ಆ ಕಾಯಿಲೆ ಹೋಗದು.

ಅವ್ವನ ಜೊತೆ ಜಗಳ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಬಟ್ಟೆ ಬಳಸುತ್ತೇವೆ ಅಂದಿದ್ದಾರೆ ಅಂತ ಅವಳಿಗೆ ಹೇಳಬಹುದು, ಆದರೆ ಅವಳು ಅಂಕಿಗೆ ಬಗ್ಗುವವಳಲ್ಲ. ಒಣಗಿದ್ದನ್ನು ಅವಳ ಕೈಗೆ ಕೊಡು, ಮುಟ್ಟಿ ನೋಡಲಿ. ತಂತಿಯ ಮೇಲೆ ಏನದು ಅಂತ ನಿನ್ನ ತಮ್ಮ ಕೇಳಿದರೆ ಹೆಸರು ಹಿಡಿದೇ ಹೇಳು.

ದೀಪಾವಳಿಗೆ ಭಾಲ್ಕಿಗೆ ಬರುವಾಗ ಬೀದರಿನಿಂದ ಎರಡು ಮೀಟರ್ ಹತ್ತಿ ಫ್ಲಾನೆಲ್, ಒಂದು ಡಜನ್ ಟಿಚ್ ಬಟನ್ ತಾ, ಮನೆಯಲ್ಲೇ ಹೊಲಿಯೋಣ. ಕತ್ತರಿಸುವ ಮೊದಲು ಒಮ್ಮೆ ಒಗೆದು ಒಣಗಿಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಮಷಿನ್‌ಗೆ ಎಣ್ಣೆ ಬಿಟ್ಟು ಇಟ್ಟಿರುತ್ತೇನೆ.